ಕ್ಯಾಮೆರಾಗೆ ಅಡ್ಡ ಹಿಡಿದ ಕೈ

ಲಯಲ್ ಎಂಗರ್ ಮೇಲೆ ಸಿನಿಮಾ ಮಾಡುತ್ತಾರಂತೆ ಎಂಬ ಸುದ್ದಿ ಜನೆಲ್‌ಳ ಕಿವಿಗೆ ಬಿದ್ದದ್ದು ಚರ್ಚಿನ ನೆಲಮಾಳಿಗೆಯಲ್ಲಿ, ಕಾಫಿ ಲೋಟ ತೊಳೆಯುವಾಗ. ಭಾನುವಾರದ ಪ್ರಾರ್ಥನೆ ಮುಗಿದಿತ್ತು. ಗಂಡಸರು ಮೇಲೆ ಕೋಟು ಹಾಕಿಕೊಂಡು ನಿಂತು, ಸಕ್ಕರೆಗೆಡ್ಡೆ ಕೀಳುವುದರೊಳಗೆ ನೆಲ ಹೆಪ್ಪುಗಟ್ಟುತ್ತದೋ ಇಲ್ಲವೋ ಎಂದು ವಾದಿಸುತ್ತಿದ್ದರು. ಕೆಳಗೆ ಅಡುಗೆಮನೆ ಆರ್ಡಿಸ್‌ಳದು. ನಲವತ್ತು ವರ್ಷದಿಂದ ಆ ಊರಿನ ಮದುವೆ, ಮಣ್ಣು ಎರಡಕ್ಕೂ ಅಡುಗೆ ನಿಂತು ಮಾಡಿಸಿದವಳು ಅವಳು.

"ಲಯಲ್ ಪಾರ್ಟ್ ಯಾರು ಮಾಡ್ತಾರೆ ಗೊತ್ತೇನೇ?" ಎಂದಳು ಆರ್ಡಿಸ್, ಪಕ್ಕದಲ್ಲಿ ಲೋಟ ಒರೆಸುತ್ತಿದ್ದ ವರ್ನಾಳಿಗೆ. "ಆ ಹಡಗು ಮುಳುಗೋ ಪಿಕ್ಚರಲ್ಲಿ ಇದ್ನಲ್ಲ, ನೀಲಿ ಕಣ್ಣಿನ ಹುಡುಗ."

"ಅವನಾ? ಲಯಲ್‌ಗಾ?" ವರ್ನಾ ಬಟ್ಟೆ ಕೆಳಗಿಟ್ಟಳು. "ಲಯಲ್‌ನ ಹಲ್ಲು ಮರೆತ್ಯಾ? ಅವನು ನಕ್ಕರೆ ನಮ್ಮ ನಾಯಿ ಎದ್ದು ಕೊಟ್ಟಿಗೆಗೆ ಹೋಗ್ತಿತ್ತು ಕಣೆ."

"ಸಿನಿಮಾದಲ್ಲಿ ಯಾರ ಹಲ್ಲೂ ಹಂಗಿರಲ್ಲ ಬಿಡು."

"ಹಂಗಾದ್ರೆ ನಿನ್ನ ಪಾರ್ಟಿಗೂ ಹದಿನೆಂಟರ ಹುಡುಗೀನ ತರ್ತಾರೆ. ಸೊಂಟ ಇರೋಳನ್ನ."

"ನಂಗೂ ಇತ್ತಮ್ಮಾ ಸೊಂಟ, ನೀನು ನೋಡಿಲ್ಲ ಅಷ್ಟೆ."

ಇಬ್ಬರೂ ನಕ್ಕರು. ಆಮೇಲೆ ಜನೆಲ್ ನೊರೆಯಲ್ಲಿ ಕೈ ಅದ್ದಿಕೊಂಡು ಅಲ್ಲೇ ನಿಂತಿರುವುದು ಕಂಡು ನಗು ತಟ್ಟನೆ ನಿಂತಿತು. ಲಯಲ್ ಎಂಗರ್ ಕೊಂದ ಆರು ಜನರಲ್ಲಿ ನಾಲ್ಕನೆಯವನು ಅವಳ ಗಂಡ.

"ತಪ್ಪು ತಿಳ್ಕೋಬೇಡ್ವೇ," ಎಂದಳು ಆರ್ಡಿಸ್.

"ಇಲ್ಲ," ಎಂದಳು ಜನೆಲ್. ತಪ್ಪು ತಿಳಿದುಕೊಳ್ಳುವುದಕ್ಕೂ ಒಂದಿಷ್ಟು ಕಸುವು ಬೇಕು. ಅದು ಅವಳಲ್ಲಿ ಬತ್ತಿ ಬಹಳ ಕಾಲವಾಗಿತ್ತು.

ಮಾತು ತಿರುಗಿಸಲು ಆರ್ಡಿಸ್‌ಗೆ ಸಿಕ್ಕಿದ್ದು ಮೆಟ್ಟಿಲಿಳಿದು ಬಂದ ಬ್ರಿಟಾ. ಜನೆಲ್‌ಳ ಮಗಳು, ಹದಿನಾಲ್ಕು ದಾಟಿದವಳು. ಆರ್ಡಿಸ್ ಒದ್ದೆ ಕೈಯಲ್ಲೇ ಫೋನು ತೆಗೆದು, "ನಿಲ್ಲೇ ಅಲ್ಲೇ, ಹೊಸ ಸ್ವೆಟರ್ ಚೆನ್ನಾಗಿದೆ, ಒಂದು ಫೋಟೊ," ಎಂದಳು. ಬ್ರಿಟಾ ನಕ್ಕು, ಎರಡೂ ಅಂಗೈ ಮುಂದೆ ಚಾಚಿ ಮುಖಕ್ಕೆ ಅಡ್ಡ ಹಿಡಿದು, ಕತ್ತು ಪಕ್ಕಕ್ಕೆ ತಿರುಗಿಸಿ, ಒಂದೊಂದೇ ಹೆಜ್ಜೆ ಹಿಂದೆ ಸರಿದಳು. ಎಲ್ಲ ಸಲವೂ ಹಾಗೇ. ಆ ಹುಡುಗಿಯ ಮುಖ ಸರಿಯಾಗಿ ಬಂದ ಒಂದು ಫೋಟೊ ಊರಿನಲ್ಲಿ ಯಾರ ಬಳಿಯೂ ಇರಲಿಲ್ಲ.

"ಅಪ್ಪನ ಮಗಳೇ ಸರಿ," ಎಂದಳು ಆರ್ಡಿಸ್, ಫೋನು ಒಳಗಿಡುತ್ತಾ.

ಅಪ್ಪ ಸತ್ತಾಗ ಬ್ರಿಟಾಗೆ ವರ್ಷ ತುಂಬಿರಲಿಲ್ಲ. ಅವನನ್ನು ಕಂಡ ನೆನಪು ಅವಳಿಗಿಲ್ಲ. ಆ ಕೈ ಎತ್ತುವುದನ್ನು ಅವಳು ಕಲಿತದ್ದು ಒಂದು ವಿಡಿಯೊ ಕ್ಯಾಸೆಟ್ಟಿನಿಂದ. ಅವಳು ಹುಟ್ಟಿದ ಚಳಿಗಾಲದಲ್ಲಿ ಜನೆಲ್ ಅಕ್ಕನ ಕ್ಯಾಮೆರಾ ಎರವಲು ತಂದಿದ್ದಳು. ಕರ್ಟ್ ಎಡಭುಜ ಮುಂದೆ ಮಾಡಿಕೊಂಡು ಅತ್ತಿತ್ತ ನಡೆಯುತ್ತಾ ಅಂಗಳದ ಹಿಮ ಎತ್ತಿ ಹಾಕುತ್ತಿದ್ದ. ಅವಳು ಸದ್ದಿಲ್ಲದೆ ಹತ್ತಿರ ಹೋದಳು. ಅವನು ತಿರುಗಿ ನೋಡಿ, "ನಿಂಗೇನೂ ಕೆಲಸ ಇಲ್ವಾ ಮಾರಾಯ್ತಿ!" ಎಂದು ಸಾಸಿವೆ ಬಣ್ಣದ ಉಣ್ಣೆಯ ಕೈಗವಸು ತೊಟ್ಟ ಎರಡೂ ಕೈಗಳನ್ನು ಮುಖಕ್ಕೆ ಅಡ್ಡ ಹಿಡಿದು, ಹಿಂದೆ ಹಿಂದೆ ಸರಿದು, ಕೊನೆಗೆ ತಾನೇ ಒಟ್ಟಿದ ಹಿಮದ ರಾಶಿಯ ಮೇಲೆ ಅಂಗಾತ ಬಿದ್ದ. ಬಿದ್ದು ನಕ್ಕ. ಅಷ್ಟೆ ಇರುವುದು. ಕರ್ಟ್ ಹಾಗನ್ ಎಂಬ ಮನುಷ್ಯ ಓಡಾಡಿದ್ದಕ್ಕೆ, ಮಾತಾಡಿದ್ದಕ್ಕೆ ಭೂಮಿಯ ಮೇಲೆ ಉಳಿದ ಸಾಕ್ಷಿ ಅದೊಂದೇ. ಪ್ರತಿ ಕ್ರಿಸ್ಮಸ್ಸಿಗೆ ತಾಯಿ ಮಗಳು ಅದನ್ನು ಹಾಕಿಕೊಂಡು ನೋಡುವರು. ಮೂರು ವರ್ಷದ ಬ್ರಿಟಾ ಟೀವಿಯ ಮುಂದೆ ನಿಂತು ಕೈ ಎತ್ತಿ, ಹಿಂದೆ ಸರಿದು, ಸೋಫಾದ ಮೇಲೆ ದೊಪ್ಪನೆ ಬೀಳುವಳು. ಹಾಗೆ ಬಂದದ್ದು ಅದು. ರಕ್ತದಿಂದ ಬಂದದ್ದೋ ಟೀವಿಯಿಂದ ಬಂದದ್ದೋ, ಜನೆಲ್‌ಗೆ ಅದರ ಲೆಕ್ಕ ಬೇಕಿರಲಿಲ್ಲ. ಬಂದಿತ್ತಲ್ಲ.

ಲಯಲ್ ಮನೆಗಳನ್ನು ಬೆಚ್ಚಗಿಡುವ ಫರ್ನೇಸ್ ರಿಪೇರಿ ಮಾಡುವವನು. ಆ ಸೀಮೆಯಲ್ಲಿ ಅವನು ಇಳಿಯದ ನೆಲಮಾಳಿಗೆ ಇಲ್ಲ. ಚಳಿಗಾಲದಲ್ಲಿ, ಊರ ಹೊರಗಿನ ಮಣ್ಣುದಾರಿಯಲ್ಲಿ, ತನ್ನ ವ್ಯಾನಿನ ಬಾನೆಟ್ ಎತ್ತಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಕೊರೆಯುವ ಚಳಿಯಲ್ಲಿ ಕೆಟ್ಟು ನಿಂತ ಬಂಡಿಯನ್ನು ಕಂಡು ನಿಲ್ಲದೆ ಹೋಗುವವನನ್ನು ಅಲ್ಲಿನ ಜನ ಮನುಷ್ಯರ ಸಾಲಿಗೆ ಸೇರಿಸುವುದಿಲ್ಲ. ಕರ್ಟ್ ನಿಂತ. ಅವನ ಮೊದಲು ಮೂವರು ನಿಂತಿದ್ದರು, ಆಮೇಲೆ ಇಬ್ಬರು ನಿಂತರು.

ಕರ್ಟ್‌ನನ್ನು ಮಣ್ಣು ಮಾಡಿದ ದಿನ ಚರ್ಚಿನ ನೆಲಮಾಳಿಗೆಯ ಊಟಕ್ಕೆ ಊರೆಲ್ಲ ಅಡುಗೆ ತಂದಿತ್ತು. ಲಯಲ್ ಕೂಡ. ಕೀಮಾದ ಮೇಲೆ ಆಲೂಗಡ್ಡೆಯ ಉಂಡೆಗಳನ್ನು ಸಾಲಾಗಿ ಜೋಡಿಸಿ ಬೇಯಿಸಿದ ಗಾಜಿನ ಪಾತ್ರೆ. ಜನೆಲ್‌ಳ ಕೈ ಹಿಡಿದು, "ಫರ್ನೇಸ್ ಏನಾದ್ರೂ ತೊಂದ್ರೆ ಕೊಟ್ರೆ ಹೇಳಿ ಕಳ್ಸಮ್ಮ, ಸಂಕೋಚ ಬೇಡ," ಎಂದಿದ್ದ. ಎಲ್ಲರ ಪಾತ್ರೆಯ ತಳದಲ್ಲೂ ಹೆಸರು ಬರೆದ ಅಂಟುಪಟ್ಟಿ ಇರುತ್ತದೆ, ಅವನದ್ದಕ್ಕೂ ಇತ್ತು. ಪಾತ್ರೆ ಹಿಂದಿರುಗಿಸುವುದು ತಿಂದವರ ಹೊಣೆ. ಬರಿ ಪಾತ್ರೆ ಕೊಡುವ ಹಾಗಿಲ್ಲ. ಜನೆಲ್ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಒಂದೊಂದೇ ಮನೆಗೆ ಹೋದಳು. ಲಯಲ್‌ನ ಪಾತ್ರೆಗೆ ನಿಂಬೆರಸದ ಸಿಹಿ ಬಿಲ್ಲೆ ಮಾಡಿ ಹಾಕಿದ್ದಳು. ಅವನ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದಳು. ಅವನು ಮಗುವಿನ ಗಲ್ಲ ಮುಟ್ಟಿ, "ಅಪ್ಪನ ಹಾಗೇ ಇದೆ," ಎಂದ.

ಹಿಮ ಕರಗುವ ಹೊತ್ತಿಗೆ ಅವನು ಸಿಕ್ಕಿಬಿದ್ದ. ಕೋರ್ಟಿನಲ್ಲಿ ವಕೀಲರು ಪಾತ್ರೆಯಲ್ಲಿ ಏನು ಹಾಕಿದ್ದಿರಿ ಎಂದು ಕೇಳಿದರು. ಅವಳು ಹೇಳಿದಳು. ಪತ್ರಿಕೆಗಳು ಬರೆದವು. ಲಯಲ್ ಆರೂ ಕೊಲೆಯನ್ನು ಒಂದೂ ಬಿಡದೆ ಒಪ್ಪಿಕೊಂಡ, ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದ. ಕರ್ಟ್ ಮಂಡಿಯೂರಿ ಅತ್ತ, ಮನೆಯಲ್ಲಿ ಕೂಸಿದೆ ಎಂದು ಬೇಡಿಕೊಂಡ ಎಂದು ಹೇಳಿದ್ದೂ ಅವನೇ. ಅದನ್ನು ಕಂಡವರು ಬೇರೆ ಯಾರೂ ಇಲ್ಲ. ಕರ್ಟ್‌ನ ಕೊನೆಯ ಗಳಿಗೆ ಪೂರ್ತಿ ಲಯಲ್‌ನ ಬಾಯಿಯ ಸೊತ್ತಾಗಿತ್ತು. ಅಂದಿನಿಂದ ಜನೆಲ್‌ಗೆ ಉಳಿದ ಹಟ ಒಂದೇ. ಬ್ರಿಟಾಗೆ ಅವಳ ಅಪ್ಪ ಆ ಬಾಯಿಂದ ಸಿಗಬಾರದು, ಆ ಕ್ಯಾಸೆಟ್ಟಿನಿಂದ ಸಿಗಬೇಕು. ಬ್ರಿಟಾ ಕದ್ದು ಏನಾದರೂ ಓದಿರಬಹುದು, ತಾಯಿ ಮಗಳು ಆ ಮಾತೆತ್ತಿದವರಲ್ಲ. ಓದಿದ್ದು ಹೇಗೋ ಅಳಿಸಿ ಹೋದೀತು. ಕಣ್ಣಾರೆ ಕಂಡದ್ದು ಹಾಗಲ್ಲ.

ಸಿಮೋನ್ ಬಂದದ್ದು ಮೊದಲ ಹಿಮ ಬಿದ್ದ ವಾರ. ಸಿನಿಮಾದವರ ಕಡೆಯಿಂದ ಊರವರೊಡನೆ ಮಾತಾಡುವ ಕೆಲಸ ಅವಳದು. ಕ್ಯಾಲಿಫೋರ್ನಿಯಾದ ಹೆಂಗಸು, ಕಾಲಿಗೆ ಅಲ್ಲಿನ ಚಳಿಗೆ ಏನೇನೂ ಸಾಲದ ಬೂಟು. ಕೈಯಲ್ಲಿ ಬಟ್ಟೆ ಸುತ್ತಿದ ಬಿಸಿ ಬಿಸಿ ಗಾಜಿನ ಪಾತ್ರೆ.

ಫೋನಾಗಿದ್ದರೆ ಜನೆಲ್ ಇಟ್ಟುಬಿಡುತ್ತಿದ್ದಳು. ಕಾಗದವಾಗಿದ್ದರೆ ಒಲೆಗೆ ಹಾಕುತ್ತಿದ್ದಳು. ಬಿಸಿ ಪಾತ್ರೆ ಹಿಡಿದು ಹಿಮದಲ್ಲಿ ನಿಂತವರ ಮುಖಕ್ಕೆ ಬಾಗಿಲು ಹಾಕುವುದು ಅವಳಿಗೆ ಬರುತ್ತಿರಲಿಲ್ಲ. ಅವಳ ತಾಯಿಗೂ ಬರುತ್ತಿರಲಿಲ್ಲ.

"ಆರ್ಡಿಸ್ ಹೇಳ್ಕೊಟ್ರು," ಎಂದಳು ಸಿಮೋನ್, ಪಾತ್ರೆ ಮೇಜಿನ ಮೇಲಿಟ್ಟು. "ಕೋಳಿ, ಕಾಡಕ್ಕಿ. ತಳ ಸ್ವಲ್ಪ ಹಿಡಿದಿದೆ. ಬೈಕೋಬೇಡಿ, ಮಿಸೆಸ್ ಹಾಗನ್."

"ಜನೆಲ್ ಅನ್ನಿ ಸಾಕು. ಕಾಫಿ?"

"ಕೊಟ್ರೆ ಕಾಲಿಗೆ ಸುರ್ಕೋತೀನಿ."

ಜನೆಲ್‌ಗೆ ನಗು ಬರಲಿಲ್ಲ, ಆದರೂ ಕಾಫಿ ಬಗ್ಗಿಸಿದಳು. "ನಾನು ಏನೂ ಹೇಳಲ್ಲ. ಮೊದಲೇ ಹೇಳಿಬಿಡ್ತೀನಿ."

"ಹೇಳಬೇಕಾಗೂ ಇಲ್ಲ ನೀವು. ಕೋರ್ಟಲ್ಲಿ ಆಡಿದ ಮಾತು ಎಲ್ರ ಸೊತ್ತು. ನಿಮ್ಮ ಒಪ್ಪಿಗೆ ಇಲ್ದೇನೂ ಆ ಪಾತ್ರೆ ಸೀನು ಇರುತ್ತೆ. ಡೈರೆಕ್ಟರ್‌ಗೆ ಪಿಕ್ಚರಲ್ಲಿ ಅದೇ ಪ್ರಾಣ."

"ಮತ್ತೆ ಯಾಕೆ ಬಂದ್ರಿ?"

ಸಿಮೋನ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಕರ್ಟ್‌ಗೋಸ್ಕರ. ಅವರ ಬಗ್ಗೆ ನಮ್ಮ ಹತ್ರ ಇರೋದೆಲ್ಲ ಲಯಲ್ ಹೇಳಿದ್ದೇ. ಬೇರೆ ಏನೂ ಇಲ್ದಿದ್ರೆ ಬರೆಯೋರು ಅದನ್ನೇ ಬರೀತಾರೆ. ಆಮೇಲೆ ಜನಕ್ಕೆ ಅದೇ ಕರ್ಟ್."

ಆ ಹೆಂಗಸು ಸುಳ್ಳು ಹೇಳುತ್ತಿರಲಿಲ್ಲ. ಅದೇ ಕಷ್ಟವಾದದ್ದು. ಜನೆಲ್ ಕಿಟಕಿಯ ಕಡೆ ನೋಡಿದಳು. ಅಂಗಳದಲ್ಲಿ ಹಿಮ ಇನ್ನೂ ತೆಳುವಾಗಿತ್ತು, ಒಣಗಿದ ಹುಲ್ಲು ತಲೆ ಎತ್ತಿಕೊಂಡಿತ್ತು.

"ಅವನು ಬೇಡ್ಕೊಂಡ ಅನ್ನೋದು ಇರಬಾರ್ದು," ಎಂದಳು. "ಮಂಡಿಯೂರೋದು, ಅಳೋದು, ಯಾವ್ದೂ. ಅದು ಲಯಲ್ ಹೇಳಿದ್ದು. ಯಾರು ನೋಡಿದ್ರು?"

"ಪ್ರಯತ್ನ ಮಾಡ್ತೀನಿ."

"ಪ್ರಯತ್ನದ ಮಾತಲ್ಲ ನಾನು ಕೇಳಿದ್ದು."

ಸಿಮೋನ್ ಲೋಟ ಕೆಳಗಿಟ್ಟಳು. "ಮಾತು ಕೊಡ್ತೀನಿ ಜನೆಲ್. ಕೊನೇ ಗಳಿಗೇಲಿ ಕರ್ಟ್ ಬಾಯಲ್ಲಿ ಒಂದು ಶಬ್ದ ಇರಲ್ಲ. ಮಂಡಿಯೂರಲ್ಲ, ಅಳಲ್ಲ. ಆದ್ರೆ ನಂಗೂ ಏನಾದ್ರೂ ಬೇಕು, ಅಲ್ಲಿ ಹೋಗಿ ಜಗಳ ಆಡೋಕೆ. ಮನುಷ್ಯ ಹಿಂಗಿದ್ದ ನೋಡ್ರೋ ಅಂತ ತೋರ್ಸೋಕೆ."

ಪಾತ್ರೆ ಅಲ್ಲೇ ಬಿಟ್ಟು ಹೋದಳು. ಸಂಜೆ ಬ್ರಿಟಾ ಬಂದು ಮುಚ್ಚಳ ಎತ್ತಿ ಮೂಸಿ, "ಯಾರಮ್ಮ ಇದು ಸುಟ್ಟು ತಂದಿರೋದು?" ಎಂದಳು. ತಿಂದಳು. ಎರಡು ದಿನ ಅದನ್ನೇ ತಿಂದರು. ತೊಳೆದು ಬೋರಲು ಹಾಕಿದಾಗ ತಳದಲ್ಲಿ ಅಂಟುಪಟ್ಟಿ ಕಂಡಿತು, ಹೊಸ ಪೆನ್ನಿನಲ್ಲಿ ಬರೆದ ಹೆಸರು, ಸಿಮೋನ್. ಜನೆಲ್ ಅದನ್ನು ತಟ್ಟೆಗಳ ಹಿಂದೆ ಸರಿಸಿಟ್ಟಳು. ತಟ್ಟೆ ತೆಗೆದಾಗಲೆಲ್ಲ ಅದು ಎದುರಿಗೆ ಬರುತ್ತಿತ್ತು. ಲಯಲ್‌ನ ಪಾತ್ರೆ ಕೊಟ್ಟು ಬಂದ ಮೇಲೆ ಅವಳು ಯಾರ ಮನೆಯ ಪಾತ್ರೆಯನ್ನೂ ಇಟ್ಟುಕೊಂಡಿರಲಿಲ್ಲ. ತಂದವರ ಎದುರಿಗೇ ಅಡುಗೆ ತನ್ನ ಬೋಗುಣಿಗೆ ಸುರಿದುಕೊಂಡು ಪಾತ್ರೆ ವಾಪಸು ಕೊಟ್ಟುಬಿಡುತ್ತಿದ್ದಳು. ಊರು ಅದನ್ನು ಅರ್ಥ ಮಾಡಿಕೊಂಡಿತ್ತು. ಈ ಸಲ ಮಾತಿನಲ್ಲಿ ಮರೆತುಹೋಗಿತ್ತು.

ಹಿಂದಿರುಗಿಸಲೇಬೇಕು. ಬರಿದಾಗಿ ಕೊಡುವ ಹಾಗಿಲ್ಲ. ಸಿಹಿ ಮಾಡಲು ಹಿಟ್ಟು ಅಳೆದಳು. ಅಳೆದ ಹಿಟ್ಟನ್ನು ಮತ್ತೆ ಡಬ್ಬಕ್ಕೆ ಸುರಿದಳು. ಆಮೇಲೆ ಟೀವಿಯ ಕೆಳಗಿನ ಖಾನೆಯಿಂದ ಕ್ಯಾಸೆಟ್ಟು ತೆಗೆದು, ಒಗೆದ ಕರವಸ್ತ್ರದಲ್ಲಿ ಸುತ್ತಿ ಪಾತ್ರೆಯೊಳಗಿಟ್ಟು ಮುಚ್ಚಳ ಹಾಕಿದಳು.

"ವಾಪಸ್ ಕೊಡ್ತಾರಾ?" ಎಂದಳು ಬ್ರಿಟಾ.

"ಕೊಡ್ತಾರೆ."

"ಅದನ್ನ ನೋಡಿ ಅಪ್ಪನ ಪಾರ್ಟ್ ಮಾಡೋನು ಕಲೀತಾನಾ?"

"ಹೂಂ. ಇಲ್ದಿದ್ರೆ ಯಾರೋ ಯಾವ್ದೋ ಥರ ಮಾಡ್ತಾನೆ."

ಬ್ರಿಟಾ ಯೋಚಿಸಿದಳು. "ಒಳ್ಳೇದೇ ಬಿಡು," ಎಂದಳು.

ಸಿನಿಮಾದವರು ಮುಚ್ಚಿಹೋಗಿದ್ದ ಹಾಲಿನ ಡೇರಿಯನ್ನು ಶೂಟಿಂಗಿಗೆ ಬಾಡಿಗೆ ಹಿಡಿದಿದ್ದರು. ಜನೆಲ್ ಪಾತ್ರೆ ಎತ್ತಿಕೊಂಡು ಒಳಗೆ ಹೋದಾಗ ಎದುರಿಗೆ ಲಯಲ್‌ನ ಅಡುಗೆಮನೆ ಇತ್ತು. ಮೂರು ಗೋಡೆ, ಮೇಲೆ ಸೂರಿಲ್ಲ. ಅದೇ ಹಸಿರು ಬೀರು. ಅದೇ ಮೇಜಿನ ಬಟ್ಟೆ. ಪೊಲೀಸರ ಫೋಟೊ ನೋಡಿ ಮಾಡಿದ್ದಂತೆ. ಮೇಜಿನ ಮೇಲೆ ಗಾಜಿನ ಪಾತ್ರೆ, ಅದರಲ್ಲಿ ನಿಂಬೆಯ ಬಿಲ್ಲೆಗಳು, ಮೇಲೆ ಸಕ್ಕರೆ ಪುಡಿ ಉದುರಿಸಿತ್ತು. ಸಾಮಾನು ಜೋಡಿಸುತ್ತಿದ್ದ ಹುಡುಗಿ ಅವಳು ಯಾರೆಂದು ತಿಳಿದು ಕೆಂಪಾದಳು. "ಸರಿಯಾಗಿದ್ಯಾ ಮೇಡಂ? ಏನಾದ್ರೂ ತಪ್ಪಿದ್ರೆ ಹೇಳಿ."

ಬಾಯಿ ತಾನಾಗಿ ತೆರೆಯಿತು. "ಸಕ್ಕರೆ ಪುಡಿ ಹಾಕಿರ್ಲಿಲ್ಲ. ಅವತ್ತು ಮನೇಲಿ ಇರ್ಲಿಲ್ಲ."

"ಥ್ಯಾಂಕ್ಸ್, ಥ್ಯಾಂಕ್ಸ್," ಎನ್ನುತ್ತಾ ಹುಡುಗಿ ಸಣ್ಣ ಕುಂಚ ತಂದು, ಪ್ರತಿ ಬಿಲ್ಲೆಯ ಮೇಲಿನ ಸಕ್ಕರೆಯನ್ನೂ ಗುಡಿಸತೊಡಗಿದಳು. ಜನೆಲ್ ನಿಂತು ನೋಡಿದಳು. ಕುಂಚ ಓಡಾಡಿದಷ್ಟೂ ಅದು ಅವಳು ಮಾಡಿದ ಬಿಲ್ಲೆಯೇ ಆಗುತ್ತಾ ಬಂತು. ಸಿಮೋನ್‌ಳ ಕೈಗೆ ಪಾತ್ರೆ ಕೊಟ್ಟು ಬೇಗ ಹೊರಗೆ ಬಂದಳು.

ಕರ್ಟ್ ಆಗಲಿದ್ದ ಹುಡುಗನ ಹೆಸರು ಕೋಲ್ಟನ್. ಜನೆಲ್ ಕೆಲಸ ಮಾಡುತ್ತಿದ್ದುದು ಧಾನ್ಯದ ಕಣಜದಲ್ಲಿ, ಲಾರಿ ತೂಗುವ ಕಟ್ಟೆಯ ಪಕ್ಕದ ಗಾಜಿನ ಕೋಣೆಯಲ್ಲಿ. ಒಂದು ಬೆಳಿಗ್ಗೆ ಲಾರಿಗಳ ನಡುವಿನಿಂದ ಕರ್ಟ್ ನಡೆದು ಬಂದ. ಎಡಭುಜ ಒಂದಿಷ್ಟು ಮುಂದೆ, ಬಾಗಿಲು ತಳ್ಳಿಕೊಂಡು ಹೋಗುವವನ ಹಾಗೆ. ಕುತ್ತಿಗೆ ಕೋಟಿನೊಳಗೆ. ಅವಳ ಕೈಯಲ್ಲಿದ್ದ ಚೀಟಿ ಬಿತ್ತು. ಅವನು ಗಾಜಿನ ಹತ್ತಿರ ಬಂದು ಟೋಪಿ ತೆಗೆದಾಗ ಬೇರೆ ಮುಖ.

"ನಾನು ಕೋಲ್ಟನ್. ಹೇಳದೆ ಬಂದೆ, ಬೇಜಾರಾಯ್ತಾ?"

"ಇಲ್ಲ," ಎಂದಳು. ನಿಜವೇ ಹೇಳಿದ್ದಳು. ಅವಳಿಗೆ ಆದದ್ದು ಸಂತೋಷ. ಹದಿನಾಲ್ಕು ವರ್ಷದಲ್ಲಿ ಆಗದಿದ್ದದ್ದು.

ಆ ಚಳಿಗಾಲವೆಲ್ಲ ಅವನು ಆ ದಾರಿಯಲ್ಲೇ ಡೇರಿಗೆ ಹೋಗುತ್ತಿದ್ದ. ಹಾದು ಹೋಗುವಾಗ ಬೇಕೆಂದೇ ಕರ್ಟ್‌ನ ಹಾಗೆ ನಡೆಯುವನು, ಅಭ್ಯಾಸಕ್ಕೆ. ಲಾರಿಯವರು ಹಾರ್ನ್ ಬಾರಿಸುವರು. "ಏ ಜನೆಲ್, ತೂಕ ಹೇಳ್ತೀಯೋ, ಹುಡುಗನ್ನ ನೋಡ್ತಾ ಕೂತ್ಕೋತೀಯೋ?" ಎಂದು ಒಬ್ಬ ಮುದುಕ ಕೂಗಿದ. ಅವಳು ತಲೆ ತಗ್ಗಿಸಿ ಬರೆದಳು. ಮರುದಿನ ಅದೇ ಹೊತ್ತಿಗೆ ಮತ್ತೆ ಕಿಟಕಿ ನೋಡಿದಳು. ತಾನು ಕೊಟ್ಟದ್ದು ಒಳ್ಳೆಯದಕ್ಕೇ ಆಯಿತು ಎಂದು ಅಂದುಕೊಂಡಳು. ಲಯಲ್‌ನ ಬಾಯಿಂದ ಗಂಡನನ್ನು ಬಿಡಿಸಿಕೊಂಡು ಬಂದೆ ಎಂದೇ ಅಂದುಕೊಂಡಳು.

ಸಿನಿಮಾ ಮುಗಿದು ಬಂದದ್ದು ಮರುವರ್ಷದ ಶರತ್ಕಾಲದಲ್ಲಿ. ಊರಿನವರಿಗೆಂದು ಮೊದಲ ಪ್ರದರ್ಶನ, ಮುಖ್ಯಬೀದಿಯ ಹಳೆಯ ಟಾಕೀಸಿನಲ್ಲಿ. ಜನೆಲ್‌ಗೆ ಹೋಗುವ ಮನಸ್ಸಿರಲಿಲ್ಲ. ಬ್ರಿಟಾ ಬಿಡಲಿಲ್ಲ. "ನನ್ನ ಕ್ಲಾಸಿನೋರೆಲ್ಲ ನೋಡ್ತಾರಮ್ಮ. ನಾನೊಬ್ಳೇ ನೋಡದೆ ಇರ್ಲಾ?" ಎಂದಳು. ಜನೆಲ್ ಕೋಟು ಹಾಕಿಕೊಂಡಳು.

ಮೊದಲ ಅರ್ಧ ಪೂರ್ತಿ ಲಯಲ್. ಪುಟ್ಟ ಲಯಲ್‌ನನ್ನು ತಾಯಿ ನೆಲಮಾಳಿಗೆಯಲ್ಲಿ ಕೂಡಿಹಾಕುತ್ತಾಳೆ, ಫರ್ನೇಸಿನ ಕೆಂಪು ಬಾಯಿಯ ಮುಂದೆ ಅವನು ಮೈ ಕಾಯಿಸಿಕೊಳ್ಳುತ್ತಾನೆ. ಪಿಟೀಲು ಅಳುತ್ತದೆ. ಊರಿನಲ್ಲಿ ಯಾರೂ ಕೇಳಿರದ ಸಂಗತಿ ಅದು. ಲಯಲ್‌ನ ತಾಯಿಯ ಸಾವಿನ ಊಟಕ್ಕೂ ನಿಂತು ಬಡಿಸಿದವಳು ಆರ್ಡಿಸ್. ಅವಳೇ ಕತ್ತಲಲ್ಲಿ "ಪಾಪ" ಎಂದದ್ದು ಜನೆಲ್‌ಗೆ ಕೇಳಿಸಿತು. ನೀಲಿ ಕಣ್ಣಿನ ನಟ ನಕ್ಕಾಗ ಹಿಂದಿನ ಸಾಲಿನ ಹುಡುಗಿಯರು ನಿಟ್ಟುಸಿರಿಟ್ಟರು. ವರ್ನಾ ಕಣ್ಣೊರೆಸಿಕೊಂಡಳು.

ಆಮೇಲೆ ಮಣ್ಣುದಾರಿ. ಎತ್ತಿದ ಬಾನೆಟ್. ಕರ್ಟ್ ಟ್ರಕ್ಕಿನಿಂದ ಇಳಿದು ಎಡಭುಜ ಮುಂದೆ ಮಾಡಿ ನಡೆದು ಬಂದ. "ಏನಾಯ್ತು ಲಯಲ್, ಊರ ಫರ್ನೇಸೆಲ್ಲ ರಿಪೇರಿ ಮಾಡೋನು ನಿನ್ನ ಗಾಡಿ ಮಾಡ್ಕೊಳ್ಳೋಕಾಗಲ್ವಾ?" ಎಂದ. ಅದೇ ದನಿ. ಬ್ರಿಟಾ ತಾಯಿಯ ಕೈ ಹುಡುಕಿ ಹಿಡಿದಳು, ಸಂತೋಷದಿಂದ.

ಲಯಲ್ ತಿರುಗಿದ. ಕ್ಯಾಮೆರಾ ಲಯಲ್ ನಿಂತಲ್ಲಿಂದ ನೋಡುತ್ತಿತ್ತು. ಕರ್ಟ್ ಒಂದು ಶಬ್ದ ಆಡಲಿಲ್ಲ. ಮಂಡಿಯೂರಲಿಲ್ಲ, ಅಳಲಿಲ್ಲ. ಸಾಸಿವೆ ಬಣ್ಣದ ಕೈಗವಸಿನ ಎರಡೂ ಕೈ ಎತ್ತಿ ಮುಖಕ್ಕೆ ಅಡ್ಡ ಹಿಡಿದ. ಕತ್ತು ಪಕ್ಕಕ್ಕೆ ತಿರುಗಿಸಿದ. ಒಂದೊಂದೇ ಹೆಜ್ಜೆ ಹಿಂದೆ ಸರಿದ. ಹಿಮದ ರಾಶಿಯ ಮೇಲೆ ಅಂಗಾತ ಬಿದ್ದ.

ಜನೆಲ್‌ಳ ಕೈಯೊಳಗಿನ ಕೈ ಸಡಿಲವಾಗಿ, ಮೆಲ್ಲಗೆ ಹಿಂದಕ್ಕೆ ಹೋಯಿತು.

ಪಾತ್ರೆಯ ದೃಶ್ಯವೂ ಬಂತು. ತನಗಿಂತ ಚೆಲುವೆಯೊಬ್ಬಳು ತನ್ನ ಕೋಟು ತೊಟ್ಟು, ಸಕ್ಕರೆ ಪುಡಿ ಇಲ್ಲದ ಬಿಲ್ಲೆಗಳನ್ನು ಮೇಜಿನ ಮೇಲಿಟ್ಟು, ಹೊರಗೆ ಬಂದು ಬಿಕ್ಕಿದಳು. ತಾನು ಅವತ್ತು ಅತ್ತಿರಲಿಲ್ಲ ಎಂಬುದು ಜನೆಲ್‌ಗೆ ಗೊತ್ತಿತ್ತು. ಅದನ್ನು ಸರಿಪಡಿಸುವ ಕುಂಚ ಯಾರ ಬಳಿಯೂ ಇರಲಿಲ್ಲ. ಕೊನೆಯಲ್ಲಿ ಕಪ್ಪು ಪರದೆಯ ಮೇಲೆ ಆರು ಹೆಸರು ಬಿಳಿಯ ಅಕ್ಷರದಲ್ಲಿ ಬಂದವು. ಅಷ್ಟರಲ್ಲಿ ಜನ ಚಪ್ಪಾಳೆ ತಟ್ಟಿ ಕೋಟು ಹುಡುಕತೊಡಗಿದ್ದರು.

ಹೊರಗೆ ಪಾಪ್‌ಕಾರ್ನ್ ಮಾರುವ ಕಟ್ಟೆಯ ಬಳಿ ಆರ್ಡಿಸ್ ಅವಳ ಎರಡೂ ಭುಜ ಹಿಡಿದುಕೊಂಡಳು. "ಕರ್ಟ್‌ನೇ ಕಣೇ! ಥೇಟ್ ಕರ್ಟ್! ನಾನು ಅವನನ್ನೇ ನೋಡಿದ ಹಾಗಾಯ್ತು."

"ಹೌದು."

"ಆ ಹುಡುಗಂಗೆ ಏನಾದ್ರೂ ಬಹುಮಾನ ಕೊಡ್ಬೇಕು."

"ಕೊಡ್ತಾರೆ ಬಿಡು," ಎಂದಳು ವರ್ನಾ. "ಲಯಲ್ ಮಾಡಿದೋನಿಗೆ ಮೊದಲು ಕೊಡ್ತಾರೆ. ನಾನೇ ಅತ್ತುಬಿಟ್ನಲ್ಲ ಮಾರಾಯ್ತಿ, ಆ ದರಿದ್ರದೋನಿಗೆ!"

ಸಿಮೋನ್ ಜನರನ್ನು ಸರಿಸಿಕೊಂಡು ಬಂದಳು. ಈಗ ಅವಳ ಕಾಲಲ್ಲಿ ಒಳ್ಳೆಯ ಬೂಟಿತ್ತು. "ಮಾತು ಉಳಿಸ್ಕೊಂಡೆ ಅಲ್ವಾ ಜನೆಲ್? ಕೊನೇ ಗಳಿಗೇಲಿ ಒಂದು ಶಬ್ದ ಇಲ್ಲ."

"ಉಳಿಸ್ಕೊಂಡ್ರಿ."

"ಎಷ್ಟು ಜಗಳ ಆಡಿದೀನಿ ಗೊತ್ತಾ. ಬೇಡ್ಕೊಳ್ಳೋ ಸೀನು ಕಿತ್ತುಹಾಕಿದ ಮೇಲೆ ಅಲ್ಲಿ ಏನೂ ಉಳೀಲಿಲ್ಲ. ಏನು ಮಾಡೋದು ಅಂತ ಎಲ್ರೂ ನಿಂತಿದ್ವಿ. ಆಗ ಕೋಲ್ಟನ್ ತಾನಾಗೇ ಹಾಗೆ ಕೈ ಎತ್ತಿಬಿಟ್ಟ. ಯಾರೂ ಹೇಳ್ಕೊಟ್ಟಿದ್ದಲ್ಲ. ನಾವೆಲ್ಲ ಅತ್ತುಬಿಟ್ವಿ." ಚೀಲದಿಂದ ದಪ್ಪ ಲಕೋಟೆ ತೆಗೆದಳು. "ತಗೊಳ್ಳಿ, ನಿಮ್ಮ ಕ್ಯಾಸೆಟ್ಟು. ಜೋಪಾನವಾಗಿ ಇಟ್ಕೊಂಡಿದ್ವಿ. ಇದಿಲ್ದಿದ್ರೆ ಈ ಪಿಕ್ಚರೇ ಇಲ್ಲ."

ಜನೆಲ್ ತೆಗೆದುಕೊಂಡು, "ಥ್ಯಾಂಕ್ಸ್," ಎಂದಳು. ಯಾರಾದರೂ ಏನಾದರೂ ಕೈಗಿತ್ತಾಗ ಅನ್ನುವ ಮಾತು ಅದು. ಬೈಯಬೇಕೆಂದರೆ ಬೈಯಲು ಎದುರಿಗೆ ಯಾರೂ ಇರಲಿಲ್ಲ. ಒಪ್ಪಿದ್ದನ್ನು ಎಲ್ಲರೂ ಒಪ್ಪಿದ ಹಾಗೇ ನಡೆಸಿದ್ದರು.

ಮರುದಿನ ಶಾಲೆಯಿಂದ ಬಂದ ಬ್ರಿಟಾ ಚೀಲ ಇಳಿಸದೆ, "ಅದನ್ನ ಹಾಕಮ್ಮ," ಎಂದಳು.

"ಕ್ರಿಸ್ಮಸ್ಸಿಗೆ ಹಾಕಿದ್ರಾಯ್ತು."

"ಈಗ ಹಾಕು. ನಿಜವಾದ್ದು ನೋಡ್ಬೇಕು."

ಜನೆಲ್ ಹಾಕಿದಳು. ಅಂಗಳ, ಹಿಮ, ಬಗ್ಗಿದ ಬೆನ್ನು. ಕರ್ಟ್ ತಿರುಗಿದ. "ನಿಂಗೇನೂ ಕೆಲಸ ಇಲ್ವಾ ಮಾರಾಯ್ತಿ!" ಸಾಸಿವೆ ಬಣ್ಣದ ಕೈಗಳು ಮೇಲೆ ಬಂದವು. ಕತ್ತು ತಿರುಗಿತು. ಒಂದು ಹೆಜ್ಜೆ ಹಿಂದೆ.

"ನಿಲ್ಸು," ಎಂದಳು ಬ್ರಿಟಾ.

"ಅಪ್ಪ ನಗ್ತಿದ್ದಾನೆ ನೋಡೇ. ಈಗ ಬೀಳ್ತಾನೆ, ನಗ್ತಾನೆ."

"ಗೊತ್ತು. ನಗ್ತಿರೋದು ಕಾಣಿಸ್ತಿದೆ. ನಿಲ್ಸಮ್ಮ."

ಜನೆಲ್ ನಿಲ್ಲಿಸಿದಳು. ಪರದೆಯ ಮೇಲೆ ಎರಡು ಕೈಗಳು ನಿಂತವು, ಹಿಂದಿನ ಮುಖ ಕಾಣುತ್ತಿರಲಿಲ್ಲ. ಅವತ್ತು ಕ್ಯಾಮೆರಾ ಹಿಡಿದು ಆ ಕೈಗಳ ಎದುರಿಗೆ ನಿಂತಿದ್ದವಳು ಅವಳು. ಈಗ ಆ ಜಾಗದಲ್ಲಿ ಲಯಲ್ ನಿಂತಿದ್ದ.

"ಅಪ್ಪ ಅಲ್ಲೂ ಹಾಗೇ ಮಾಡಿದ್ನಾ?" ಎಂದಳು ಬ್ರಿಟಾ.

"ಗೊತ್ತಿಲ್ಲ ಕಂದ. ಯಾರಿಗೂ ಗೊತ್ತಿಲ್ಲ."

"ಮಾಡಿರ್ಬೇಕು. ಅವನು ಹಾಗೇ ಮಾಡೋದು ತಾನೆ." ಹುಡುಗಿ ತನ್ನ ಅಂಗೈಗಳನ್ನು ನೋಡಿಕೊಂಡಳು. ಆಮೇಲೆ ಚೀಲ ಎತ್ತಿಕೊಂಡು ಕೋಣೆಗೆ ಹೋದಳು.

ಜನೆಲ್ ಒಬ್ಬಳೇ ಕೂತು ಮಿಕ್ಕದ್ದನ್ನು ನೋಡಲು ಪ್ರಯತ್ನಿಸಿದಳು. ಅವನು ಬಿದ್ದ. ಬಿದ್ದ ಮೇಲೆ ನಗು ಬರುವ ಮೊದಲು ಒಂದು ಚೂರು ಮೌನವಿತ್ತು. ಅದು ಯಾವಾಗಲೂ ಇದ್ದದ್ದೇ, ಅವಳು ಗಮನಿಸಿರಲಿಲ್ಲ. ಆ ಮೌನದಲ್ಲಿ ಅವಳಿಗೆ ಪಿಟೀಲು ಕೇಳಿಸಿತು. ನಗು ಬಂತು. ಕೋಲ್ಟನ್ ನಕ್ಕಿದ್ದರೆ ಇದಕ್ಕಿಂತ ಚೆನ್ನಾಗಿ ನಗುತ್ತಿದ್ದ ಎನಿಸಿತು. ಹಾಗೆ ಅನಿಸಿದ್ದಕ್ಕೆ ಅವಳು ಎದ್ದು ಹೋಗಿ ಪಾತ್ರೆ ತೊಳೆದಳು.

ಅಕ್ಟೋಬರ್ ಕೊನೆಯ ಭಾನುವಾರ ಬ್ರಿಟಾಗೆ ಚರ್ಚಿನಲ್ಲಿ ದೃಢೀಕರಣ, ಬೆಳೆದ ಮಕ್ಕಳು ತಮ್ಮ ನಂಬಿಕೆಯನ್ನು ತಮ್ಮ ಬಾಯಿಂದಲೇ ಒಪ್ಪಿಕೊಳ್ಳುವ ಶಾಸ್ತ್ರ. ಬಿಳಿ ನಿಲುವಂಗಿ ತೊಟ್ಟ ಐದಾರು ಮಕ್ಕಳು ಸಾಲಾಗಿ ನಿಂತು ಹೌದು ಎನ್ನಬೇಕಾದ ಕಡೆ ಹೌದು ಎಂದರು. ಆಮೇಲೆ ನೆಲಮಾಳಿಗೆಯಲ್ಲಿ ಊಟ. ಉದ್ದನೆಯ ಮೇಜಿನ ತುಂಬ ಗಾಜಿನ ಪಾತ್ರೆಗಳು, ಪ್ರತಿಯೊಂದರ ತಳದಲ್ಲೂ ಒಂದು ಹೆಸರು. ಆರ್ಡಿಸ್ ಏಪ್ರನ್ನಿಗೆ ಕೈ ಒರೆಸಿಕೊಂಡು ಫೋನು ತೆಗೆದಳು.

"ಬ್ರಿಟಾ! ಇವತ್ತೊಂದು ದಿನವಾದ್ರೂ ಆಟ ಆಡಬೇಡ್ವೇ. ನಿನ್ನ ಮುಖ ಹೆಂಗಿದೆ ಅಂತ ಸಾಯೋದ್ರೊಳಗೆ ನೋಡ್ಬೇಕು ನಾನು."

ಅಡುಗೆಮನೆಯ ಕಿಂಡಿಯಿಂದ ಜನೆಲ್ ನೋಡುತ್ತಿದ್ದಳು. ಬ್ರಿಟಾ ತಿರುಗಿದಳು. ನಿಲುವಂಗಿಯ ಅಗಲವಾದ ತೋಳುಗಳು ಒಮ್ಮೆ ಅಲುಗಿದವು, ಮೊಣಕೈ ಇಷ್ಟೇ ಇಷ್ಟು ಮಡಚಿತು. ಜನೆಲ್ ಕಾದಳು. ಬೇಡಿಕೊಂಡಳು ಎಂದರೂ ಸರಿಯೇ. ತೋಳುಗಳು ಕೆಳಗಿಳಿದವು. ಬ್ರಿಟಾ ಎರಡೂ ಕೈಗಳನ್ನು ತೊಡೆಗೆ ಒತ್ತಿ ಹಿಡಿದು, ಒಂದು ಹೆಜ್ಜೆಯೂ ಹಿಂದೆ ಸರಿಯದೆ, ಕ್ಯಾಮೆರಾವನ್ನು ನೆಟ್ಟಗೆ ನೋಡಿ ನಿಂತಳು.

"ಅಬ್ಬಾ, ಅಂತೂ!" ಎಂದಳು ಆರ್ಡಿಸ್. ಮೇಜಿನ ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ವರ್ನಾ, "ಹುಡುಗಿ ದೊಡ್ಡೋಳಾದ್ಲು ಬಿಡು," ಎಂದಳು.

ಆರ್ಡಿಸ್ ಫೋನು ಹಿಡಿದುಕೊಂಡು ಕಿಂಡಿಯ ಹತ್ತಿರ ಬಂದಳು. "ನೋಡೇ ಜನೆಲ್, ಎಷ್ಟು ಚೆನ್ನಾಗಿ ಬಂದಿದೆ."

ಜನೆಲ್ ಒದ್ದೆ ಕೈ ದೂರ ಹಿಡಿದು, ಬಗ್ಗಿ ನೋಡಿದಳು. ಮುಖ ಪೂರ್ತಿ ಬಂದಿತ್ತು. ಹಣೆ, ಮೂಗು, ತುಟಿ, ಎಲ್ಲ ಸ್ಪಷ್ಟ.

"ಚೆನ್ನಾಗಿದೆ," ಎಂದಳು. ಮುಂದಿನ ಪಾತ್ರೆಯನ್ನು ಬೋರಲು ಮಾಡಿ, ಯಾರದೆಂದು ತಳದ ಹೆಸರು ನೋಡಿ, ನೀರಿಗೆ ಹಿಡಿದಳು.